ಎದೆಭಾರ

ಆಸ್ಪತ್ರೆಯ ಮೆಟ್ಟಿಲಿಳಿದಾಗಿನಿಂದ ದುರ್ಗವ್ವ ಸೊಸೆಯ ಜೊತೆ ಮಾತಾಡಿರಲಿಲ್ಲ. ವಿಜಯಪುರದ ನಿಲ್ದಾಣದಲ್ಲಿ ಸಿಂದಗಿ ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿದವಳು ಅವಳೇ, ಗಾಳಿ ಬರುವ ಕಡೆ ಯಶೋಧಾಳನ್ನು ಕೂರಿಸಿದವಳೂ ಅವಳೇ. ಅಷ್ಟು ಮಾಡಿ, ಪಕ್ಕದಲ್ಲಿ ಕೂರದೆ, ಎರಡು ಸಾಲು ಮುಂದೆ ಹೋಗಿ ಗುರುತಿಲ್ಲದ ಹೆಂಗಸೊಬ್ಬಳ ಬದಿಯಲ್ಲಿ ಕೂತಿದ್ದಳು. ಇಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬಸ್ಸು ಕುಲುಕಿದಾಗಲೂ ಆ ಬೆನ್ನು ಕುಲುಕುತ್ತಿರಲಿಲ್ಲ. ಯಶೋಧಾ ಮುಂದಿನ ಸೀಟಿನ ಕಂಬಿಗೆ ಮುಂಗೈ ಊರಿ, ತುಸು ಮುಂದಕ್ಕೆ ಬಾಗಿ ಕೂತಳು. ಹಾಗೆ ಕೂತರೆ ಉಸಿರು ಒಳಗೆ ಹೋಗುತ್ತಿತ್ತು, ಇಕ್ಕಟ್ಟಾದ ಬಾಗಿಲಲ್ಲಿ ಮೈ ಓರೆ ಮಾಡಿಕೊಂಡು ನುಸುಳುವವರ ಹಾಗೆ. ಹೊಟ್ಟೆಗೆ ಆರು ತಿಂಗಳು. ಕಂಬಿಗೂ ಹೊಟ್ಟೆಗೂ ನಡುವೆ ಚೀಲ ಇಟ್ಟುಕೊಂಡಿದ್ದಳು, ಚೀಲದಲ್ಲಿ ಎದೆಯ ಸ್ಕ್ಯಾನಿನ ಫಿಲ್ಮುಗಳಿದ್ದವು. ಡಾಕ್ಟರ ಸಂಜೀವಕುಮಾರ ಅವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಪೆನ್ನಿನ ಹಿಂಬದಿಯಿಂದ ತೋರಿಸಿದ್ದರು. ಎದೆಯ ನಡುಮೂಳೆಯ ಹಿಂದೆ ಬೂದುಬಣ್ಣದ ಒಂದು ಗುಂಡು. ಅದನ್ನೇ ತನ್ನ ಹೃದಯ ಎಂದುಕೊಂಡು ಅವಳು, 'ಇಷ್ಟ ದೊಡ್ಡದಿರ್ತೈತೇನ್ರಿ?' ಎಂದು ಕೇಳಿಬಿಟ್ಟಿದ್ದಳು. 'ಹೃದಯ ಇಲ್ಲೈತ್ರಿ' ಎಂದು ಡಾಕ್ಟರು ಪೆನ್ನು ಸರಿಸಿದ್ದರು. 'ಇದು ಅದನ್ನ ಮೂಲ್ಯಾಗ ನೂಕಿ ತಾ ನಡುವ ಕುಂತೈತಿ.' ಎಂ.ಎ. ಓದಿದವಳು. ಕಿವಿ ಬಿಸಿಯಾಗಿತ್ತು.

ಕ್ಯಾನ್ಸರ್ ಅಲ್ಲ, ಸಾದಾ ಗಡ್ಡೆ ಎಂದರು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಭಾಳ ಅಪರೂಪದ್ದು. 'ನೀವು ನಿಮ್ಮ ತಾಯಿ ಹೊಟ್ಟ್ಯಾಗಿದ್ದಾಗಿಂದ ಐತಿ ಇದು. ಒಳಗ ಕೊಬ್ಬು, ಕೂದಲಾ, ಒಮ್ಮೊಮ್ಮೆ ಹಲ್ಲೂ ಇರ್ತಾವ. ಇಷ್ಟ ವರ್ಷ ಸುಮ್ಮನ ಕುಂತಿತ್ತು, ಈಗ ಬಸುರಾದ ಮ್ಯಾಲ ಬೆಳ್ಯಾಕತ್ತೈತಿ. ಗಾಳಿಕೊಳವಿ ಒತ್ತಾಕತ್ತೈತಿ.' ಅಷ್ಟು ಹೊತ್ತೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ ದುರ್ಗವ್ವ ಆಗ ಬಾಯಿ ಬಿಟ್ಟಿದ್ದಳು.

'ಹಂಗಾರ ಈಕಿ ಉಸುರು ಕಟ್ಟೂದು ಇದರಿಂದ ಏನ್ರಿ?'

'ಇದರಿಂದನ ಅವ್ವಾ.'

'ದುಃಖದಿಂದ ಅಲ್ಲ?'

ಡಾಕ್ಟರು ನಕ್ಕರು. ಕೆಟ್ಟ ನಗೆಯೇನಲ್ಲ. 'ದುಃಖ ಫಿಲ್ಮಿನಾಗ ಕಾಣಂಗಿಲ್ಲವ್ವಾ.'

ಉಸಿರು ಕಟ್ಟುವುದು ಮೊದಲು ಶುರುವಾದದ್ದು ಗೋಡೆಗೆ ಒರಗಿ ಕೂತಾಗ. ಗಂಡ ಗುರುನಾಥ ಹೋದ ಮರುದಿನವೋ ಅದರ ಮರುದಿನವೋ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಅವನ ಕೆಲಸ; ಶನಿವಾರ ಬೈಕಿನ ಮೇಲೆ ಊರಿಗೆ ಬರುತ್ತಿದ್ದ. ಹೂವಿನ ಹಿಪ್ಪರಗಿ ದಾಟಿದ ಮೇಲೆ ಕತ್ತಲಾಗುವ ಹೊತ್ತಿಗೆ ಕಬ್ಬು ತುಂಬಿದ ಟ್ರೇಲರು, ಹಿಂದೆ ದೀಪವಿಲ್ಲ. ಮನೆಗೆ ತಂದಾಗ ಮುಖಕ್ಕೆ ಏನೂ ಆಗಿರಲಿಲ್ಲ. ಅವಳು ನೋಡಿದಳು, ಯಾರೋ ನೋಡು ಎಂದರು, ನೋಡಿದಳು. ನೆಲದ ಮೇಲೆ ಮಲಗಿದರೆ ಎದೆಯ ಮೇಲೆ ಯಾರೋ ಮೊಣಕಾಲೂರಿದಂತಾಗಿ ಎದ್ದು ಕೂತಳು, ಕೂತೇ ಇದ್ದಳು. ಮಾತಾಡಿಸಲು ಬಂದ ಹೆಂಗಸರು ತಲೆಬಾಗಿಲಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು: ನೋಡ್ರಿ, ನೆಲಕ್ಕ ಬೆನ್ನ ಹಚ್ಚವಲ್ಲಳು. ಕಣ್ಣಾಗ ನೀರ ಬರವಲ್ಲವು, ಒಳಗ ಸುಡಾಕತ್ತಾಳ. ಹೌದೆ ಎಂದು ಅವಳು ಅಂದುಕೊಂಡಳು. ಒಳಗೆ ಹುಡುಕಿದಳು. ಮದುವೆ ಮುಗಿದು ತೊಳೆದಿಟ್ಟ ಅಂಗಳದಂತೆ ಎಲ್ಲ ಒಣಗಿ ಸ್ವಚ್ಛವಾಗಿತ್ತು. ಆದರೆ ಎದೆ ಏದುತ್ತಿತ್ತಲ್ಲ. ಭಾಷೆ ಅವಳಿಗೆ ಮೊದಲೇ ಎಲ್ಲ ಹೇಳಿಕೊಟ್ಟಿತ್ತು: ಎದೆ ಭಾರವಾಯಿತು, ಎದೆಯ ಮೇಲೆ ಕಲ್ಲು ಬಿತ್ತು, ಉಸಿರು ಕಟ್ಟಿತು. ಮಹಿಳಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇವನ್ನೇ ಅಲಂಕಾರವೆಂದು ಓದಿ ಪರೀಕ್ಷೆ ಬರೆದಿದ್ದಳು. ಅಲಂಕಾರವಲ್ಲ, ನಿಜವೇ ಹೀಗೆ, ಜನ ಅನುಭವಿಸಿಯೇ ಹೇಳಿದ್ದಾರೆ ಎಂದು ಈಗ ತಿಳಿದಾಗ ಅವಳಿಗೆ ಆದದ್ದು ಸಮಾಧಾನ. ಮನಸ್ಸು ಅಳದಿದ್ದರೂ ಮೈ ಅಳುತ್ತಿದೆ, ಸಾಕು. ತಾನು ಕಲ್ಲಲ್ಲ.

ಆ ಮನೆಯಲ್ಲಿ ಅಳುವುದಕ್ಕೆ ಬೇರೆ ದಾರಿಯೂ ಇರಲಿಲ್ಲ. ಮಾವ ಮಲ್ಲಣ್ಣ ಮಾಸ್ತರು ಬೌದ್ಧ ದೀಕ್ಷೆ ತೆಗೆದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಓಣಿಯ ನಾಲ್ಕು ಮುದುಕಿಯರು ಬಳೆ ಒಡೆಯಲು ಬಂದಾಗ ಅವರು ಹೊಸ್ತಿಲಲ್ಲಿ ಅಡ್ಡ ನಿಂತು, 'ಆ ಕೆಲಸ ನಮ್ಮನ್ಯಾಗ ಇಲ್ಲ. ಕುಂಕುಮ ಅಳಸೂದಿಲ್ಲ, ಬಳಿ ಒಡಿಯೂದಿಲ್ಲ. ಚಾ ಕುಡದು ಹೋಗ್ರಿ' ಎಂದಿದ್ದರು. ಸರಿಯಾದ ಮಾತು. ಯಶೋಧಾ ಲೇಖನದಲ್ಲಿ ಬರೆದರೆ ಹಾಗೇ ಬರೆಯುತ್ತಿದ್ದಳು. ಮುದುಕಿಯರು ಚಹಾ ಕುಡಿದು ಹೋದರು. ದುರ್ಗವ್ವ ಮಾತ್ರ ನಡುಮನೆಯಲ್ಲಿ ಎರಡು ಕೈ ಜೋತುಬಿಟ್ಟುಕೊಂಡು ನಿಂತಳು. ಮಗ ಸತ್ತಾಗ ತಾಯಿಯ ಕೈಗೆ ಇರುವ ಕೆಲಸಗಳನ್ನೆಲ್ಲ ಯಾರೋ ಕಸಿದುಕೊಂಡಿದ್ದರು. ಆಗ ಅವಳಿಗೆ ಸಿಕ್ಕಿದ್ದು ಸೊಸೆಯ ಉಸಿರು. ಹೋಗಿ ಬೆನ್ನಿಗೆ ಕೌದಿ ಮಡಿಸಿ ಇಟ್ಟಳು. ತಾಸುಗಟ್ಟಲೆ ಬೆನ್ನು ತಿಕ್ಕಿದಳು. ಮದುವೆಯಾದ ಎರಡು ವರ್ಷದಲ್ಲಿ ರೊಟ್ಟಿ ದಪ್ಪಾತು, ಸಾಲಿ ಕಲ್ತಾಕಿಗೆ ಬಡಿಯಾಕ ಬರೂದಿಲ್ಲ ಎಂಬುದು ಬಿಟ್ಟರೆ ಹೆಚ್ಚು ಮಾತಾಡದವಳು, ಬಂದವರ ಕೈ ಹಿಡಿದು ಎಳೆದು ತಂದು, 'ಕೇಳ್ರಿ, ಆಕಿ ಉಸುರು ಕೇಳ್ರಿ. ನನ್ನ ಗುರ‍್ಯಾನ ಮ್ಯಾಲ ಎಷ್ಟು ಜೀವಾ ಇಟ್ಟಿದ್ಲು' ಎನ್ನುವಳು. ಬಂದವರು ಕಿವಿಗೊಟ್ಟು ಕೇಳುವರು. ಯಶೋಧಾ ಅವರಿಗಾಗಿ ಇನ್ನೂ ಸ್ವಲ್ಪ ಜೋರಾಗಿ ಉಸಿರಾಡಿದಳೇ? ಒಂದೆರಡು ಸಲ ಆಡಿರಬಹುದು. ಸಮಾಜ ಭವನದ ನುಡಿನಮನ ಸಭೆಯಲ್ಲಿ ಮಾವ ಮೈಕಿನ ಮುಂದೆ ನಿಂತು, ನನ್ನ ಸೊಸೆಯ ಕೈಯಲ್ಲಿ ಬಳೆ ಇವೆ, ಆದರೆ ಅವಳ ಒಂದೊಂದು ಉಸಿರೂ ನನ್ನ ಮಗನನ್ನು ನೆನೆಯುತ್ತಿದೆ, ಶೋಕಕ್ಕೆ ಶಾಸ್ತ್ರ ಬೇಡ ಎಂದು ಹೇಳಿದಾಗ ಜನ ಚಪ್ಪಾಳೆ ತಟ್ಟಲು ಹೋಗಿ ನೆನಪಾಗಿ ನಿಲ್ಲಿಸಿದ್ದರು. ಅವಳು ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಉಸಿರಾಡುತ್ತಿದ್ದಳು.

ದೇವರ ಹಿಪ್ಪರಗಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ದುರ್ಗವ್ವ ಎದ್ದು ಬಂದು ಪಕ್ಕದಲ್ಲಿ ಕೂತಳು, ಮೈ ತಾಗದ ಹಾಗೆ.

'ಎಷ್ಟ ದಿನಾ ಮಾಡಿದಿ?'

'ಏನ್ರಿ ಅತ್ತಿ?'

'ಈ ನಾಟಕಾ.'

'ನನಗೂ ಗೊತ್ತಿರಲಿಲ್ಲರಿ.'

'ಎದಿ ನಿಂದು. ನಿನಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರಬೇಕು? ಕಂಡಕ್ಟರಗ ಗೊತ್ತಿರಬೇಕೇನು?'

ಕಂಡಕ್ಟರು ತಿರುಗಿದ. 'ಏನಬೇ ಯಕ್ಕಾ?'

'ನಿನಗಲ್ಲೋ ಯಪ್ಪಾ. ನೀ ತಿಕೀಟ ಹರಿ.' ಮತ್ತೆ ಸೊಸೆಯ ಕಡೆಗೆ, ದನಿ ತಗ್ಗಿಸದೆ: 'ಬೆನ್ನ ತಿಕ್ಕಿದ್ನಲ್ಲ ನಾನು. ನನ್ನ ಮಗನ ಸಲುವಾಗಿ ಅಳಾಕತ್ತಾಳಂತ ತಿಕ್ಕಿದೆ. ಗಡ್ಡಿಗೆ ತಿಕ್ಕಿದಂಗಾತು.'

ಹಿಂದಿನ ಸೀಟಿನವರು ಮಾತು ನಿಲ್ಲಿಸಿದರು. ಯಶೋಧಾ ಕಿಟಕಿಯ ಹೊರಗೆ ತೊಗರಿ ಹೊಲ ನೋಡಿದಳು. ತಪ್ಪಾಯಿತು ಎನ್ನಬೇಕೆನಿಸಿತು; ಯಾವ ತಪ್ಪು ಎಂದು ಹುಡುಕಿದರೆ ಸಿಗಲಿಲ್ಲ; ಸಿಗದಿದ್ದರೂ ತಪ್ಪು ಅಲ್ಲೇ ಇತ್ತು. ಯಾರದೋ ಒಳ್ಳೆಯ ಸೀರೆ ಉಟ್ಟು ಬೆವರು ಮಾಡಿ, ಈಗ ಬಿಚ್ಚಿಕೊಡು ಎಂದಾಗ ಬಸ್ಸಿನಲ್ಲಿ ಬಿಚ್ಚಲಾರದೆ ಕೂತವಳಂತಿದ್ದಳು. ಆ ಕೈಗಳು ಬೆನ್ನ ಮೇಲೆ ಓಡಾಡುತ್ತಿದ್ದಾಗ ಅವಳಿಗೆ ಹಿತವಾಗಿತ್ತು. ಅದನ್ನು ಹೇಗೆ ಹಿಂದಿರುಗಿಸುವುದು?

ಮನೆಯಲ್ಲಿ ಮಲ್ಲಣ್ಣ ಮಾಸ್ತರು ಫಿಲ್ಮನ್ನು ಕಿಟಕಿಯ ಬೆಳಕಿಗೆ ತಲೆಕೆಳಗಾಗಿ ಹಿಡಿದು ನೋಡಿದರು. ಆಮೇಲೆ ಡಾಕ್ಟರು ಹೇಳಿದ್ದನ್ನು ಅವಳಿಂದ ಕೇಳಿಕೊಂಡು, ಸಾಲೆಯಲ್ಲಿ ಪಾಠ ಒಪ್ಪಿಸಿದಂತೆ ತಾವೇ ಮತ್ತೊಮ್ಮೆ ಹೇಳಿದರು. ದಾರಿ ಎರಡು. ಈ ವಾರವೇ ಎದೆ ತೆರೆದು ಗಡ್ಡೆ ತೆಗೆಯುವುದು; ಕೂಸು ಹೊಟ್ಟೆಯಲ್ಲೇ ಇರುತ್ತದೆ, ಬಹಳ ಮಟ್ಟಿಗೆ ಏನೂ ಆಗುವುದಿಲ್ಲ, ಆದರೆ ಆಗುವುದೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಇಲ್ಲವೇ ಎಂಟನೆಯ ತಿಂಗಳವರೆಗೆ ತಡೆದು, ಮೊದಲು ಕೂಸನ್ನು ತೆಗೆದು ಆಮೇಲೆ ಗಡ್ಡೆ. ಅಷ್ಟರಲ್ಲಿ ಕೊಳವೆ ಪೂರ್ತಿ ಒತ್ತಿಕೊಂಡರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಡಾಕ್ಟರು ಮೊದಲನೆಯದೇ ಮೇಲು ಎಂದಿದ್ದಾರೆ. 'ಎಲ್ಲಾರೂ ಒಂದೊಂದು ಮಾತು ಹೇಳ್ರಿ' ಎಂದರು.

'ಬ್ಯಾಡ' ಎಂದಳು ದುರ್ಗವ್ವ. 'ನನ್ನ ಮಗನ್ದು ಉಳದದ್ದು ಅದೊಂದ. ಅದು ಹೊರಗ ಬರಲಿ. ಆಮ್ಯಾಲ ಆಕಿ ಎದಿನರ ತಗಸವಲ್ಲಳ್ಯಾಕ, ತಲೀನರ ತಗಸವಲ್ಲಳ್ಯಾಕ.'

'ಹುಚ್ಚರಂಗ ಮಾತಾಡಬ್ಯಾಡ. ಆಕಿಗೆ ಉಸುರು ಹತ್ತವಲ್ದು.'

'ಮೊನ್ನಿ ತನಕಾ ಅದ ಉಸುರು ಚೊಲೋ ಇತ್ತು ನಿಮಗ. ಮೈಕಿನ್ಯಾಗ ಹೇಳಿದ್ರಿ.'

ಮಾಸ್ತರು ಫಿಲ್ಮನ್ನು ಲಕೋಟೆಗೆ ಹಾಕಲು ಹೋದರು, ಅದು ಒಳಗೆ ಹೋಗಲಿಲ್ಲ. ಯಶೋಧಾ ಗೋಡೆ ಹಿಡಿದು ನಿಂತಿದ್ದಳು. ತವರೂರು ಇಂಡಿಯಿಂದ ತಾಯಿ ಫೋನಿನಲ್ಲಿ, ಅತ್ತಿ ಹೇಳಿದಂಗ ಕೇಳವ್ವಾ, ಎದುರ ಮಾತಾಡಬ್ಯಾಡ ಎಂದು ಅಳುತ್ತ ಹೇಳಿ ಇಟ್ಟಿದ್ದಳು.

'ನಾ ಮಾಡಿಸ್ಕೋತೇನಿ' ಎಂದಳು.

'ಮಾಡಿಸ್ಕೋತಾಳಂತ. ಕೂಸಿಗೆ ಏನರ ಆದ್ರ?'

'ನಾ ಇದ್ದರ ಕೂಸ್ರಿ ಅತ್ತಿ.'

'ಎದ್ಯಾಗ ಹಲ್ಲ ಇಟ್ಟಕೊಂಡ ಹುಟ್ಟಿದಾಕಿ ನೀ. ಒಳಗಿಂದೊಳಗ ತಿಂತೀ. ಮೊದಲ ಒಬ್ಬನ್ನ ತಿಂದಿ.'

'ದುರ್ಗೀ!' ಎಂದರು ಮಾಸ್ತರು.

ಆಶ್ಚರ್ಯವೆಂದರೆ ಆ ಮಾತು ತಾಗಲಿಲ್ಲ. ತಾಗಿದ್ದು ಮಾವನ ಮುಖ. ಅಲ್ಲಿ ಕರುಣೆಯಿತ್ತು, ಕರುಣೆಯ ಹಿಂದೆ ಸಣ್ಣದೊಂದು ಇರಿಸುಮುರಿಸು, ತಪ್ಪು ಉದಾಹರಣೆ ಕೊಟ್ಟು ಸಿಕ್ಕಿಬಿದ್ದ ಮಾಸ್ತರದು. ಅವಳಿಗೆ ಕೆಟ್ಟ ಸುಖವಾಯಿತು. 'ಮಾವಾರ, ಇನ್ನೊಂದು ಸಭಾ ಕರದು ತಿದ್ದಿ ಹೇಳ್ತೀರೇನ್ರಿ?' ಎಂದಳು. ಅಷ್ಟು ಮಾತಿಗೇ ಉಸಿರು ತೀರಿ ಅವಳು ಕೆಮ್ಮುತ್ತ ಕೂತಳು, ಮತ್ತು ಮೊದಲ ಸಲ ಆ ಮನೆಯಲ್ಲಿ ಅವಳ ಕೆಮ್ಮಿಗೆ ಯಾರೂ ಎದ್ದು ಬರಲಿಲ್ಲ.

ಯಾಕೆ ಮಾಡಿಸಿಕೊಳ್ಳುತ್ತೇನೆ ಎಂದು ಅವಳು ಅವರಿಗೆ ಹೇಳಲಿಲ್ಲ. ಬದುಕಬೇಕೆಂಬುದು ಸರಿ, ಡಾಕ್ಟರೂ ಹೇಳಿದ್ದಾರೆ. ಆದರೆ ಅದರ ಕೆಳಗೆ ಇನ್ನೊಂದು ಕಾರಣವಿತ್ತು, ಅದು ಅವಳಿಗೇ ಹೇಸಿಗೆ ತರಿಸುತ್ತಿತ್ತು. ಇದನ್ನು ತೆಗೆದ ಮೇಲೆ ಅಲ್ಲಿ ಏನು ಉಳಿಯುತ್ತದೆ ಎಂದು ನೋಡಬೇಕಾಗಿತ್ತು. ಗುರುನಾಥನಿಗಾಗಿ ತನ್ನಲ್ಲಿ ಏನಾದರೂ ಇದೆಯೇ, ಅಥವಾ ಇದ್ದದ್ದೆಲ್ಲ ಕೊಬ್ಬು, ಕೂದಲು, ಹಲ್ಲೇ? ಎಂಟನೆಯ ತಿಂಗಳವರೆಗೆ ಆ ಸುಳ್ಳನ್ನು ಹೊತ್ತು, ಹೋಗಿಬರುವವರ ಕಣ್ಣಿಗೆ ಬಿದ್ದು ಕೂರಲಾರಳು. ಅಂದರೆ ತನ್ನೊಳಗೆ ಇಣುಕಿ ನೋಡುವ ಆಸೆಗೆ ಕೂಸನ್ನೂ ಪಣಕ್ಕಿಟ್ಟಂತಾಯಿತಲ್ಲ? ಹೊಟ್ಟೆಯ ಮೇಲೆ ಕೈಯಿಟ್ಟಳು. ಅದು ಒದೆಯಿತು, ಉತ್ತರವಾಗಿ ಅಲ್ಲ, ತನ್ನ ಪಾಡಿಗೆ. ಓಣಿಯಲ್ಲಿ ಸುದ್ದಿ ಆಗಲೇ ಹರಡಿತ್ತು. ಮರುದಿನ ಮಧ್ಯಾಹ್ನ ನೀರಿಗೆ ನಿಂತ ಹೆಂಗಸರು ಅವಳು ಬಾಗಿಲಿಗೆ ಬಂದದ್ದು ನೋಡಿ, ದುಃಖ ಅಲ್ಲಂತಬೇ, ಗಡ್ಡ್ಯಂತ ಎಂದು ಪಿಸುಗುಟ್ಟಿದರು. ಅದರಲ್ಲಿ ಅಯ್ಯೋ ಪಾಪ ಎಂಬುದು ಇರಲಿಲ್ಲ. ಮೋಸಹೋದವರ ದನಿ ಅದು. ತಮ್ಮ ಕಣ್ಣೀರನ್ನು ಅವರೂ ಖರ್ಚು ಮಾಡಿದ್ದರು.

ಆಪರೇಶನ್ನಿನ ಒಪ್ಪಿಗೆ ಕಾಗದಕ್ಕೆ ಮಾಸ್ತರು ಸಹಿ ಮಾಡಿದರು, ಅವಳೂ ಮಾಡಿದಳು. ದುರ್ಗವ್ವ ಮಾಡಲಿಲ್ಲ. 'ಮಗನ ಹೆಣಾ ಬಿಡಿಸಿಕೊಳ್ಳಾಕ ಹೆಬ್ಬಟ್ಟ ಒತ್ತೇನಿ. ಇನ್ನೊಂದಕ್ಕ ಒತ್ತೂದಿಲ್ಲ.' ಆದರೂ ಜೊತೆಗೆ ಬಂದಳು. ಬಂದು ಹೇಳಿದಳು: 'ನಾ ಕೂಸಿನ ಸಲುವಾಗಿ ಕುಂದರ್ತೇನಿ. ನಿನ್ನ ಸಲುವಾಗಿ ಅಲ್ಲ.'

ಆಪರೇಶನ್ನಿನ ಬೆಳಿಗ್ಗೆ ನಸ್ರೀನ ಎಂಬ ನರ್ಸು ಮೈಮೇಲಿನದನ್ನೆಲ್ಲ ತೆಗೆಯಬೇಕೆಂದಳು. ತಾಳಿ ಬಿಚ್ಚಿಕೊಟ್ಟದ್ದಾಯಿತು. ಬಳೆಗಳು ಬರಲಿಲ್ಲ, ಕೈ ಬಾತಿತ್ತು. ನಸ್ರೀನ ಸಾಬೂನು ನೀರು ಹಚ್ಚಿ ಒಂದೊಂದಾಗಿ ತಿರುವಿ ಎಳೆಯುತ್ತಿದ್ದಳು. 'ಯಜಮಾನ್ರು ಬಂದಾರೇನ್ರಿ ಹೊರಗ?' ಎಂದಳು, ಕೆಲಸದ ನಡುವೆ ಕೇಳುವ ಮಾತು. ಯಶೋಧಾ ಇಲ್ಲ ಎನ್ನುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ದುರ್ಗವ್ವ, 'ಹಿಂಗ ಸಾಬಾಣ ಹಚ್ಚಿ ಜೋಪಾನ ಯಾಕ ತಗೀತೀಯವ್ವಾ, ಒಡದ ಬಿಡು. ಮನ್ಯಾಗ ಒಡಿಯಾಕ ಬಿಡಲಿಲ್ಲ' ಎಂದಳು. ನಸ್ರೀನಳ ಕೈ ನಿಂತಿತು. ಅರ್ಥವಾಗಿ ಅವಳು ಮುಖ ಕೆಳಗೆ ಮಾಡಿ, ಇನ್ನೂ ಮೆಲ್ಲಗೆ ತಿರುವತೊಡಗಿದಳು. ಕೊನೆಯದು ತಾನಾಗಿಯೇ ಚಟ್ ಎಂದು ಮುರಿಯಿತು, ಮಣಿಕಟ್ಟಿನ ಮೇಲೆ ಒಂದು ಹನಿ ರಕ್ತ. ದುರ್ಗವ್ವ ಅಲ್ಲಿಂದ ಹೋಗಿಬಿಟ್ಟಳು. ತಾನು ಬೇಡಿದ್ದು ಕಣ್ಣೆದುರಿಗೆ ಆಗಬಾರದಾಗಿತ್ತೇನೋ.

ಒಳಗೆ ಅವಳನ್ನು ಮಲಗಿಸಲಿಲ್ಲ. ಅಂಗಾತ ಮಲಗಿಸಿ ಮದ್ದು ಕೊಟ್ಟರೆ ಗಡ್ಡೆ ಕೊಳವೆಯ ಮೇಲೆ ಕುಸಿಯುತ್ತದೆ, ಕೂತಂತೆಯೇ ನಿದ್ದೆ ಮಾಡಿಸುತ್ತೇವೆ ಎಂದರು. ಯಾರೋ ಹೊಟ್ಟೆಯ ಮೇಲೆ ಉಪಕರಣವಿಟ್ಟರು. ಕೂಸಿನ ಎದೆಬಡಿತ ಕೋಣೆ ತುಂಬ ಕೇಳಿಸಿತು, ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಟಪಟಪಟಪ, ಯಾರ ಹಂಗೂ ಇಲ್ಲದ ಅವಸರ. ನಿನ್ನ ಅಪ್ಪನಿಗಾಗಿ ನಾನು ಅತ್ತಿಲ್ಲ, ನಿನಗೇನಾದರೂ ಆದರೂ ಅಳುತ್ತೇನೋ ಇಲ್ಲವೋ ಗೊತ್ತಿಲ್ಲ, ಬದುಕಿಕೊ ಎಂದು ಅವಳು ಅದಕ್ಕೆ ಹೇಳಿದಳು. ಹೇಳಿ ಮುಗಿಯಿತೋ ಇಲ್ಲವೋ.

ಎಚ್ಚರವಾದಾಗ ಕೂಸು ಇತ್ತು. ಅದನ್ನೇ ಮೊದಲು ಹೇಳಿದರು. ಎರಡನೆಯದನ್ನು ಯಾರೂ ಹೇಳಬೇಕಾಗಲಿಲ್ಲ. ಉಸಿರು ಒಳಗೆ ಬಂತು. ಎಲ್ಲೂ ಓರೆಯಾಗದೆ, ಯಾರನ್ನೂ ಕೇಳದೆ, ನೇರ ಬಂದು ತಳ ಮುಟ್ಟಿತು. ಅವಳಿಗೆ ಹೆದರಿಕೆಯಾಯಿತು. ಅಷ್ಟು ಜಾಗ ತನ್ನಲ್ಲಿತ್ತೇ? ಬಾಗಿಲು ತೆರೆದಿಟ್ಟು ಎಲ್ಲರೂ ಊರು ಬಿಟ್ಟ ಮನೆಯೊಳಗೆ ಗಾಳಿ ಆಡಿದಂತೆ ಆಡುತ್ತಿತ್ತು. ಹುಡುಕಿದಳು. ಏನೂ ಇರಲಿಲ್ಲ. ಸರಿ, ಇಷ್ಟೇ ಎಂದುಕೊಂಡಳು. ಗೊತ್ತಾಗಬೇಕಾಗಿದ್ದದ್ದು ಗೊತ್ತಾಯಿತು.

ವಾರ್ಡಿಗೆ ತಂದ ಮೇಲೆ ದುರ್ಗವ್ವ ಸ್ಟೂಲಿನ ಮೇಲೆ ಬಂದು ಕೂತಳು. ಆಪರೇಶನ್ನಾದ ಕೂಡಲೆ ಮನೆಯವರನ್ನು ಬಾಗಿಲಿಗೆ ಕರೆದು ತೆಗೆದದ್ದನ್ನು ತಟ್ಟೆಯಲ್ಲಿಟ್ಟು ತೋರಿಸಿದ್ದರಂತೆ. ಮಾಸ್ತರು ನೋಡಲಾರದೆ ಗೋಡೆಯ ಕಡೆ ತಿರುಗಿದರಂತೆ. 'ನಾ ನೋಡಿದೆ' ಎಂದಳು. 'ಬಾಚಿ ಮುಡಿ ಕಟ್ಟೂ ಅಷ್ಟ ಕೂದಲಿದ್ವು. ಕರೇವು. ಇಷ್ಟ ಜ್ವಾಳದಂಥಾದೊಂದು ಹಲ್ಲು.' ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, 'ಗುರ‍್ಯಾನ ಹೆಸರಿಂದು ಏನೂ ಇರಲಿಲ್ಲ ಅದರಾಗ' ಎಂದಳು. ಹುಡುಕಿ ನೋಡಿದವಳಂತೆ ಹೇಳಿದಳು.

'ಇಲ್ಲರಿ' ಎಂದಳು ಯಶೋಧಾ. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯವಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಮಂಚದ ತಲೆಭಾಗವನ್ನು ಇಳಿಸಿದರು. ಬಲಪಕ್ಕೆಗೆ ಸಣ್ಣ ದಿಂಬು ಕೊಟ್ಟು ಎಡಕ್ಕೆ ತುಸು ವಾಲಿಸಿ ಮಲಗಿಸಿದರು. ಗುರುನಾಥ ಹೋದ ಮೇಲೆ ಅವಳ ಬೆನ್ನು ಹಾಸಿಗೆಗೆ ತಾಗಿದ್ದು ಅದೇ ಮೊದಲು. ಮೇಲೆ ಫ್ಯಾನು ತಿರುಗುತ್ತಿತ್ತು. ಮಲಗಿದವರಿಗೆ ಫ್ಯಾನು ಹೀಗೆ ಕಾಣುತ್ತದೆ ಎಂಬುದೇ ಮರೆತಿತ್ತು. ಹೊಲಿಗೆಯ ಜಾಗ ಸ್ವಲ್ಪವೂ ನೋಯುತ್ತಿರಲಿಲ್ಲ; ಬೆನ್ನಿನಲ್ಲಿ ಸಣ್ಣ ನಳಿಗೆ ಹಾಕಿ ಔಷಧ ಬಿಟ್ಟಿದ್ದರು. ಪರದೆ ಸರಿಸಿ ಬಂದ ನಸ್ರೀನ, ಕಣ್ಣು ಮುಚ್ಚಿದ್ದವಳನ್ನು ನೋಡಿ ಮೆಲ್ಲಗೆ ಕೇಳಿದಳು.

'ನಿದ್ದಿ ಹತ್ತೈತೇನ್ರಿ?'

'ಹತ್ತೈತಿ' ಎಂದಳು ಯಶೋಧಾ.

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನೇ ಹೇಳಿತು. ನಸ್ರೀನ ನಗುತ್ತ ಕೊಳವೆ ನೋಡಿ ಅತ್ತ ಸರಿದಳು. ಶನಿವಾರ, ಭಾನುವಾರ, ದೀಪ ಆರಿಸಿದ ಮೇಲೆ ಪಕ್ಕದಿಂದ ಇದೇ ಪ್ರಶ್ನೆ ಬರುತ್ತಿತ್ತು. ಹತ್ತೈತಿ ಎಂದು ಇವಳು. ಹಂಗಾರ ಸುಮ್ಮನ ಮಲಕೋ, ನಿದ್ದ್ಯಾಗ ಮಾತಾಡಬ್ಯಾಡ ಎಂದು ಅವನು. ಮೊದಲ ತಿಂಗಳು ನಕ್ಕಿದ್ದಳು. ಆಮೇಲೆ ಅದು ಬರೀ ಅಭ್ಯಾಸ. ಆಮೇಲಾಮೇಲೆ ಕಿರಿಕಿರಿ, ಓದಿದವನಂತೆ ಬೇರೆ ಏನಾದರೂ ಮಾತಾಡಬಾರದೇ ಎಂದು. ಈಗ ಅವಳು ಕಾಯುತ್ತಿದ್ದಳು. ಹತ್ತೈತಿ ಎಂದು ಹೇಳಿಯಾಗಿತ್ತು, ಅದರ ಮುಂದಿನ ಮಾತಿಗೆ ಕಿವಿಗೊಟ್ಟು ಕಾಯುತ್ತಿದ್ದಳು. ಫ್ಯಾನು ತಿರುಗಿತು, ಪಕ್ಕದ ಮಂಚದವರು ಮೋಸಂಬಿ ಸುಲಿದರು, ಮಾತು ಬರಲಿಲ್ಲ. ಬರುವುದಿಲ್ಲ ಎಂಬುದು ಎದೆಯಲ್ಲೆಲ್ಲೂ ಆಗಲಿಲ್ಲ. ಎಲ್ಲಿ ಆಯಿತೆಂದು ತಿಳಿಯಲಿಲ್ಲ. ಕಣ್ಣಿನ ಕೊನೆಯಿಂದ ನೀರು ಇಳಿದು ಎಡಗಿವಿಯೊಳಗೆ ಹೋಯಿತು, ಮತ್ತೆ ಇಳಿಯಿತು, ಉಸಿರು ಮಾತ್ರ ಸರಾಗವಾಗಿ ಆಡುತ್ತಲೇ ಇತ್ತು.

ದುರ್ಗವ್ವ ಸ್ಟೂಲಿನಿಂದ ಎದ್ದಿದ್ದಳು. 'ಏ, ಏನಾತು? ಯಾಕ ಅಳಾಕತ್ತಿ?'

ಆ ದನಿಯಲ್ಲಿ ಹಸಿವಿತ್ತು. 'ಹೊಲಿಗೀ ನೋವ್ರಿ' ಎಂದಳು ಯಶೋಧಾ.

'ಸಿಸ್ಟರ್, ಏ ಸಿಸ್ಟರ್! ಈಕಿಗೆ ನೋವು ಕಡಿಮ್ಯಾಗೂದು ಏನರ ಕೊಡವ್ವಾ.'

ನಸ್ರೀನ ಬಂದು ಬೆನ್ನಿನ ನಳಿಗೆ ನೋಡಿದಳು, ಔಷಧದ ಪೆಟ್ಟಿಗೆ ನೋಡಿದಳು, ಹೊಲಿಗೆಯ ಸುತ್ತ ಬೆರಳಿನಿಂದ ಒತ್ತಿ, 'ತಿಳೀತೈತೇನ್ರಿ?' ಎಂದಳು. ಒತ್ತಿದರೂ ಯಶೋಧಾಳ ಮೈ ಅಳುಕಲಿಲ್ಲ. 'ಎಲ್ಲಾ ಸರಿ ಹೊಂಟೈತ್ರಿ ಅಮ್ಮಾ. ಇಲ್ಲಿ ನೋವು ಗೊತ್ತಾಗಂಗಿಲ್ಲ' ಎಂದು ದುರ್ಗವ್ವನಿಗೆ ಹೇಳಿ ಹೋದಳು.

ದುರ್ಗವ್ವ ನಿಂತೇ ಇದ್ದಳು. ಅವಳ ಮುಖದ ಬಿಗಿ ಒಂದೊಂದೇ ಕಡೆ ಸಡಿಲಾಗುತ್ತಿರುವುದನ್ನು ಯಶೋಧಾ ಕಂಡಳು. ಇನ್ನೊಂದು ಗಳಿಗೆಯಲ್ಲಿ ಬಾಯಿ ತೆರೆಯುತ್ತದೆ. ಆ ಹೆಸರು ಹೇಳುತ್ತದೆ. ಪಕ್ಕದ ಮಂಚದವರನ್ನು ಕರೆಯುತ್ತದೆ, ನೋಡ್ರಿ, ನೋಡ್ರಿ ಎನ್ನುತ್ತದೆ. ಕೈ ಆಗಲೇ ತನ್ನ ಹಣೆಯ ಕಡೆಗೆ ಬರುತ್ತಿತ್ತು, ಮುದಿ ಕೈ, ಉಗುರಿನ ಸಂದಿಯಲ್ಲಿ ಹಿಟ್ಟು. ನಳಿಗೆಗಳು ಎಷ್ಟು ಬಿಟ್ಟವೋ ಅಷ್ಟು ಯಶೋಧಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

'ಹೊಲಿಗೀದ ನೋವ್ರಿ' ಎಂದಳು. 'ಮುಟ್ಟಬ್ಯಾಡ್ರಿ.'